ಹಳೇ ಇವಿಗೆ ಅಪ್‌ಡೇಟ್ ಬಂದಿದೆ, ಹಾಕಿಸಲೇ?

(ತುಮಕೂರಿನಲ್ಲಿ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿರುವವರ ಸಭೆಯಲ್ಲಿ ಆಡಿದ ಮಾತುಗಳು. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸರಿಮಾಡಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊಸ ಕಾರು ಇರುವವರು ಕೈ ಎತ್ತಿ ಅಂದಾಗ ಎದ್ದ ಕೈಗಳು ಕಡಿಮೆ. 2020, 2021ರಲ್ಲಿ ರಸ್ತೆಗಿಳಿದ ಕಾರುಗಳೇ ಇಲ್ಲಿ ಜಾಸ್ತಿ. ಅವುಗಳಲ್ಲೂ ಬಹಳಷ್ಟು ಕಾರು ಬೆಂಗಳೂರಿನಲ್ಲಿ ಒಬ್ಬರ ಕೈಯಲ್ಲಿ ಓಡಿ, ಆಮೇಲೆ ಸೆಕೆಂಡ್ ಹ್ಯಾಂಡ್ ಆಗಿ ನೆಲಮಂಗಲ ದಾಟಿ ನಮ್ಮೂರಿಗೆ ಬಂದವು. ಹಾಗಾಗಿ ಇವತ್ತಿನ ಮಾತೆಲ್ಲ ಹಳೇ ಕಾರಿಗೆ ಕಂಪನಿಯಿಂದ ಬರುವ ಸಾಫ್ಟ್‌ವೇರ್ ಅಪ್‌ಡೇಟ್ ಬಗ್ಗೆಯೇ.

ಮೊದಲು ಒಂದು ಲೆಕ್ಕ ನೋಡೋಣ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಹೋಗಿ ಬಂದರೆ 140. ಅಲ್ಲಿನ ಓಡಾಟ ಸೇರಿಸಿದರೆ 160, 170 ಆಗಿಬಿಡುತ್ತದೆ. 2020ರ ಜನವರಿಯಲ್ಲಿ ಬಂದ ಟಾಟಾದ ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಕಿಲೋವ್ಯಾಟ್ ಅವರ್. ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕ ರೇಂಜ್, ಅಂದರೆ ಒಂದು ಫುಲ್ ಚಾರ್ಜಿಗೆ ಓಡುವ ದೂರ, 312 ಕಿಲೋಮೀಟರ್. ಎಸಿ ಹಾಕಿಕೊಂಡು ಹೈವೇ ವೇಗದಲ್ಲಿ ಹೋದರೆ 200ರ ಆಸುಪಾಸು. ಅಂದರೆ ದಾರಿಯಲ್ಲಿ ಎಲ್ಲೂ ಚಾರ್ಜ್ ಮಾಡದೆ ಹೋಗಿ ಬರುವವರಿಗೆ ಕೈಯಲ್ಲಿ ಉಳಿಯುವುದು 30, 40 ಕಿಲೋಮೀಟರ್ ಅಷ್ಟೇ. ಬೆಂಗಳೂರಿನಲ್ಲೇ ಮನೆ, ಅಲ್ಲೇ ಕೆಲಸ ಇರುವವರಿಗೆ ಅಪ್‌ಡೇಟ್ ಆದ ಮೇಲೆ 15 ಕಿಲೋಮೀಟರ್ ಕಡಿಮೆಯಾದರೆ ಗೊತ್ತೂ ಆಗುವುದಿಲ್ಲ. ನಮಗೆ ಗೊತ್ತಾಗುತ್ತದೆ. ಅಪ್‌ಡೇಟ್ ಅಂದ ಕೂಡಲೇ ಇಲ್ಲಿನವರು ಹಿಂದೆಮುಂದೆ ನೋಡುವುದು ಇದಕ್ಕೇ. ಆ ಅಳುಕಿನಲ್ಲಿ ತಪ್ಪೇನೂ ಇಲ್ಲ.

ಆದರೆ ಊರಲ್ಲಿ ಎರಡು ಮಾತು ಓಡಾಡುತ್ತಿವೆ. "ಓಡ್ತಿರೋ ಗಾಡೀನ ಯಾಕೆ ಮುಟ್ಟಬೇಕು" ಅನ್ನುವುದು ಒಂದು. "ಕಂಪನಿಯವರೇ ಕೊಡ್ತಿದಾರೆ ಅಂದ್ಮೇಲೆ ಸುಮ್ನೆ ಹಾಕಿಸ್ಕೊಳ್ಳಿ" ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಎರಡರಲ್ಲೂ ಒಂದು ಪ್ರಶ್ನೆ ಬಿಟ್ಟುಹೋಗಿದೆ: ಈ ಅಪ್‌ಡೇಟ್ ಕಾರಿನ ಯಾವ ಕಂಪ್ಯೂಟರಿಗೆ ಹೋಗುತ್ತದೆ?

ಕಾರಿನೊಳಗೆ ಹತ್ತಾರು ಕಂಪ್ಯೂಟರುಗಳಿವೆ. ಡ್ಯಾಶ್‌ಬೋರ್ಡಿನ ಸ್ಕ್ರೀನಿಗೆ ಒಂದು. ಸಿಮ್ ಇಟ್ಟುಕೊಂಡು ಕಂಪನಿಯ ಸರ್ವರ್ ಜೊತೆ ಮಾತಾಡುವ ಪೆಟ್ಟಿಗೆ ಇನ್ನೊಂದು. ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಬೇರೆ. ಮನೆಯ ಸಾಕೆಟ್ಟಿನಿಂದ ಬರುವ ಎಸಿ ಕರೆಂಟನ್ನು ಡಿಸಿ ಮಾಡುವ ಆನ್‌ಬೋರ್ಡ್ ಚಾರ್ಜರ್ ಬೇರೆ. ಬ್ರೇಕು, ಏರ್‌ಬ್ಯಾಗುಗಳಿಗೆ ಅವುಗಳದೇ ಇವೆ. ಎಲ್ಲಕ್ಕಿಂತ ಮುಖ್ಯವಾದದ್ದು ಬ್ಯಾಟರಿಯನ್ನು ಕಾಯುವ ಬಿಎಂಎಸ್, ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್.

ಸ್ಕ್ರೀನಿನ ವಿಚಾರ ಬೇಗ ಮುಗಿಸಿಬಿಡುತ್ತೇನೆ. ಹೊಸ ಮ್ಯಾಪ್, ಹೊಸ ಬಣ್ಣ, ಹಾಡು ಕೇಳುವ ಹೊಸ ಆ್ಯಪ್, ಇಂಥವಕ್ಕೆ ಅವಸರ ಬೇಡ. ಮೂರು ನಾಲ್ಕು ವಾರ ಕಾಯಿರಿ. ಬೇರೆಯವರ ಕಾರಿನಲ್ಲಿ ಏನಾಯಿತು ಅಂತ ನೋಡಿ. 2023ರ ನವೆಂಬರಿನಲ್ಲಿ ಅಮೆರಿಕದ ರಿವಿಯನ್ ಕಂಪನಿ ಒಂದು ಅಪ್‌ಡೇಟ್ ಕಳಿಸುವಾಗ ತಪ್ಪು ಸೆಕ್ಯುರಿಟಿ ಸರ್ಟಿಫಿಕೇಟ್ ಸೇರಿಕೊಂಡಿತು. ಅದನ್ನು ಹಾಕಿಕೊಂಡ ಗಾಡಿಗಳ ಸ್ಕ್ರೀನ್ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಗಾಡಿ ಓಡುತ್ತಿತ್ತು, ಆದರೆ ಮಾಹಿತಿ ಏನೂ ಕಾಣುತ್ತಿರಲಿಲ್ಲ. ಕಂಪನಿ ಕಳಿಸುವುದನ್ನು ನಿಲ್ಲಿಸಿದ್ದರಿಂದ, ಕಾದು ಕೂತವರಿಗೆ ಏನೂ ಆಗಲಿಲ್ಲ. ಇಂಥದ್ದರಲ್ಲಿ ಕಾಯುವುದರಿಂದ ನೀವು ಕಳೆದುಕೊಳ್ಳುವುದು ಏನೂ ಇಲ್ಲ.

ಬಿಎಂಎಸ್ ವಿಚಾರ ಹಾಗಲ್ಲ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬ್ಯಾಟರಿಯ ಸೆಲ್ಲುಗಳ ವೋಲ್ಟೇಜ್ ಎಷ್ಟು, ಬಿಸಿ ಎಷ್ಟು ಅಂತ ಬಿಎಂಎಸ್ ಸದಾ ನೋಡುತ್ತಿರುತ್ತದೆ. ಎಲ್ಲಿಯವರೆಗೆ ಚಾರ್ಜ್ ಆಗಬೇಕು, ಎಲ್ಲಿಗೆ ಇಳಿದಾಗ ನಿಲ್ಲಿಸಬೇಕು, ಅಪಾಯ ಕಂಡಾಗ ಬ್ಯಾಟರಿಯನ್ನು ಕಾರಿನಿಂದ ಯಾವಾಗ ಕಡಿದು ಹಾಕಬೇಕು, ಎಲ್ಲ ತೀರ್ಮಾನ ಅದರದ್ದೇ. ನಿಮ್ಮ ಸ್ಕ್ರೀನಿನ ಮೇಲೆ ಕಾಣುವ ಶೇಕಡಾ 62 ಅನ್ನುವ ಅಂಕಿ ಕೂಡ ಅದು ಮಾಡಿದ ಅಂದಾಜು. ನೇರವಾಗಿ ಅಳೆದದ್ದಲ್ಲ. ನಮ್ಮ ದೇಶದ ಅನೇಕ ಇವಿಗಳಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲಿನಲ್ಲಿ ಈ ಅಂದಾಜು ಇನ್ನೂ ಕಷ್ಟ. ಚಾರ್ಜ್ ತುಂಬಾ ಇದ್ದಾಗಲೂ ಅರ್ಧ ಖಾಲಿಯಾದಾಗಲೂ ಅದರ ವೋಲ್ಟೇಜ್ 3.2, 3.3ರ ಹತ್ತಿರವೇ ನಿಂತಿರುತ್ತದೆ. ಅಡುಗೆಮನೆಯಲ್ಲಿ ಗ್ಯಾಸಿನ ಉರಿ ನೋಡಿ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಅಂತ ಹೇಳೋಕಾಗುತ್ತದಾ? ಮುಗಿಯುವ ತನಕ ಉರಿ ಒಂದೇ ಥರ ಇರುತ್ತದೆ. ಇದೂ ಹಾಗೇ. ಅದಕ್ಕೆ ಬಿಎಂಎಸ್ ಒಳಗೆ ಹೋದ ಕರೆಂಟ್, ಹೊರಗೆ ಬಂದ ಕರೆಂಟ್ ಎರಡನ್ನೂ ಎಣಿಸಿ ಲೆಕ್ಕ ಇಡುತ್ತದೆ. ಸಣ್ಣ ಸಣ್ಣ ತಪ್ಪು ಸೇರಿಕೊಳ್ಳುತ್ತಾ ಹೋಗುತ್ತದೆ. ಪೂರ್ತಿ 100ಕ್ಕೆ ಚಾರ್ಜ್ ಮಾಡಿದಾಗ ಕೊನೆಯಲ್ಲಿ ವೋಲ್ಟೇಜ್ ಸರ್ರನೆ ಏರುತ್ತದೆ. ಆಗ ಅದಕ್ಕೆ ಲೆಕ್ಕ ಸರಿಮಾಡಿಕೊಳ್ಳಲು ಒಂದು ಗುರುತು ಸಿಗುತ್ತದೆ. ಎಲ್‌ಎಫ್‌ಪಿ ಕಾರನ್ನು ಆಗಾಗ 100ರವರೆಗೆ ಚಾರ್ಜ್ ಮಾಡಿ ಅಂತ ಹೇಳುವುದಕ್ಕೆ ಇದೇ ಕಾರಣ.

ಈಗ ಯೋಚನೆ ಮಾಡಿ. ಅಪ್‌ಡೇಟ್ ಈ ಲೆಕ್ಕ ಹಾಕುವ ರೀತಿಯನ್ನೇ ಬದಲಾಯಿಸಿದರೆ ಬ್ಯಾಟರಿಯಲ್ಲಿ ಏನೂ ಆಗದೆ ಸ್ಕ್ರೀನಿನ ಅಂಕಿ ಮಾತ್ರ ಬದಲಾಗಬಹುದು. ನಿಸಾನ್ ಲೀಫ್ ಕಾರಿನ 30 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕಥೆ ಇದೇ. ಬ್ಯಾಟರಿ ಬೇಗ ಸವೆಯುತ್ತಿದೆ ಅಂತ ಮಾಲೀಕರು ಗಾಬರಿಯಾಗಿದ್ದರು. 2018ರಲ್ಲಿ ನಿಸಾನ್ ಹೊಸ ಸಾಫ್ಟ್‌ವೇರ್ ಕೊಟ್ಟಿತು. ಬ್ಯಾಟರಿ ಚೆನ್ನಾಗಿಯೇ ಇತ್ತು, ಕಂಟ್ರೋಲರ್ ತಪ್ಪು ಅಂಕಿ ತೋರಿಸುತ್ತಿತ್ತು. ಅಪ್‌ಡೇಟ್ ಹಾಕಿಸಿದವರಿಗೆ ಕಳೆದುಹೋಗಿದೆ ಅಂದುಕೊಂಡಿದ್ದ ರೇಂಜ್ ವಾಪಸ್ ಕಾಣಿಸಿತು. ಇದು ತಿರುಗಾಮುರುಗಾ ಕೂಡ ಆಗಬಹುದು. ಅಪ್‌ಡೇಟ್ ಆದ ಮಾರನೇ ದಿನ ಹತ್ತು ಕಿಲೋಮೀಟರ್ ಕಡಿಮೆ ಕಂಡರೆ ಅದು ನಿಜವಾದ ನಷ್ಟವೋ, ಲೆಕ್ಕದ ಬದಲಾವಣೆಯೋ ಅಂತ ಅವತ್ತೇ ಹೇಳಲಾಗುವುದಿಲ್ಲ.

ಹಾಗಂತ ನಿಜವಾದ ನಷ್ಟ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಗಿದೆ. 2019ರಲ್ಲಿ ಶಾಂಘೈ ಮತ್ತು ಹಾಂಗ್‌ಕಾಂಗ್‌ನಲ್ಲಿ ನಿಂತಿದ್ದ ಟೆಸ್ಲಾ ಕಾರುಗಳಿಗೆ ಬೆಂಕಿ ಹತ್ತಿತು. ಮೇ ತಿಂಗಳಲ್ಲಿ ಟೆಸ್ಲಾ ಒಂದು ಅಪ್‌ಡೇಟ್ ಕಳಿಸಿತು. ಅದಾದ ಮೇಲೆ ಕೆಲವು ಹಳೇ ಮಾಡೆಲ್ ಎಸ್ ಕಾರುಗಳ ಬ್ಯಾಟರಿ ಮೊದಲಿನಷ್ಟು ವೋಲ್ಟೇಜಿಗೆ ಚಾರ್ಜ್ ಆಗುತ್ತಿರಲಿಲ್ಲ. ರೇಂಜ್ ಕಡಿಮೆಯಾಯಿತು. ಮಾಲೀಕರು ಕೋರ್ಟಿಗೆ ಹೋದರು. 2021ರಲ್ಲಿ ಕಂಪನಿ 15 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 1,743 ಕಾರುಗಳ ಮಾಲೀಕರಿಗೆ ತಲಾ 625 ಡಾಲರ್ ಬಂತು. ದುಡ್ಡಿಗಿಂತ ದೊಡ್ಡ ತಪ್ಪು ಇನ್ನೊಂದಿತ್ತು ಅನ್ನುವುದು ನನ್ನ ಅಭಿಪ್ರಾಯ. ರೇಂಜ್ ಕಡಿಮೆಯಾಗಬಹುದು ಅಂತ ಹಾಕುವ ಮೊದಲು ಸರಿಯಾಗಿ ಬಿಡಿಸಿ ಹೇಳಿರಲಿಲ್ಲ. ಅದು ಜನ ದುಡ್ಡು ಕೊಟ್ಟು ಕೊಂಡ ಕಾರು. ಅದರಿಂದ ಏನಾದರೂ ತೆಗೆಯುವ ಮೊದಲು ಅವರನ್ನು ಕೇಳಬೇಕಿತ್ತು.

ಹ್ಯುಂಡೈ ಕೋನಾ ಕಥೆ ಇನ್ನೂ ಮುಖ್ಯ, ಯಾಕೆಂದರೆ ಆ ಕಾರು ನಮ್ಮ ರಸ್ತೆಯಲ್ಲೂ ಇದೆ. ಬೆಂಕಿಯ ಪ್ರಕರಣಗಳಾದ ಮೇಲೆ 2020ರ ಅಕ್ಟೋಬರಿನಲ್ಲಿ ಕೊರಿಯಾದಲ್ಲಿ ಕಂಪನಿ ಕಾರುಗಳನ್ನು ವಾಪಸ್ ಕರೆದು ಬಿಎಂಎಸ್ ಅಪ್‌ಡೇಟ್ ಮಾಡಿತು. ಡಿಸೆಂಬರಿನಲ್ಲಿ ಭಾರತದಲ್ಲೂ 456 ಕೋನಾಗಳನ್ನು ಕರೆಸಿಕೊಂಡರು. 2021ರ ಜನವರಿಯಲ್ಲಿ ಕೊರಿಯಾದ ದೇಗು ಊರಿನಲ್ಲಿ, ಅಪ್‌ಡೇಟ್ ಆಗಿದ್ದ ಕಾರೊಂದು ಹೊತ್ತಿಕೊಂಡಿತು. ಫೆಬ್ರವರಿಯಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 82,000 ವಾಹನಗಳ ಬ್ಯಾಟರಿಯನ್ನೇ ಬದಲಾಯಿಸುವುದಾಗಿ ಹೇಳಿತು.

ಇದನ್ನು ಕೇಳಿ ಕೆಲವರು "ನೋಡಿ, ಅಪ್‌ಡೇಟ್‌ನಿಂದ ಏನು ಸಿಕ್ತು" ಅನ್ನುತ್ತಾರೆ. ನಾನು ಹಾಗೆ ಓದುವುದಿಲ್ಲ. ಸೆಲ್ ತಯಾರಾಗುವಾಗಲೇ ಒಳಗೆ ದೋಷ ಇದ್ದರೆ ಯಾವ ಸಾಫ್ಟ್‌ವೇರೂ ಅದನ್ನು ರಿಪೇರಿ ಮಾಡುವುದಿಲ್ಲ. ಆದರೆ ಒಂದು ಸೆಲ್ ಉಳಿದವುಗಳಿಗಿಂತ ಬೇರೆ ಥರ ನಡೆದುಕೊಳ್ಳುತ್ತಿದೆ ಅಂತ ಮೊದಲೇ ಹಿಡಿಯುವ ಕೆಲಸ, ಹಿಡಿದ ಕೂಡಲೇ ಚಾರ್ಜಿಂಗ್ ನಿಲ್ಲಿಸುವ ಕೆಲಸ ಬಿಎಂಎಸ್‌ದೇ. ಇವಿಗಳು ಎಲ್ಲಿ ನಿಂತಿರುತ್ತವೆ ಹೇಳಿ? ರಾತ್ರಿ ಮನೆಯ ಕೆಳಗೆ, ಮಕ್ಕಳು ಮಲಗಿರುವ ಕೋಣೆಯ ಪಕ್ಕದಲ್ಲಿ, ಚಾರ್ಜಿಗೆ ಹಾಕಿ. ಸುರಕ್ಷತೆಗೆ ಅಂತ ಬಂದ ಬಿಎಂಎಸ್ ಅಪ್‌ಡೇಟ್ ಇದ್ದರೆ ಹಾಕಿಸಿ. 15 ಕಿಲೋಮೀಟರ್ ಹೋದರೂ ಹಾಕಿಸಿ. ಬೆಂಗಳೂರಿನಿಂದ ಬರುವಾಗ ದಾಬಸ್‌ಪೇಟೆ ಹತ್ತಿರ ಇಪ್ಪತ್ತು ನಿಮಿಷ ಚಾರ್ಜ್ ಮಾಡಿ ಬನ್ನಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಕಳೆದುಕೊಳ್ಳುವ ಮಾತೇ ಜಾಸ್ತಿಯಾಯಿತು, ಸಿಕ್ಕಿದ್ದನ್ನೂ ಹೇಳಬೇಕು. 2022ರ ಜುಲೈನಲ್ಲಿ ಟಾಟಾದವರು ನೆಕ್ಸಾನ್ ಇವಿ ಪ್ರೈಮ್ ತಂದಾಗ ಅದರ ಕೆಲವು ಹೊಸ ಸೌಲಭ್ಯಗಳನ್ನು ಆಗಲೇ ರಸ್ತೆಯಲ್ಲಿದ್ದ 22,000ಕ್ಕೂ ಹೆಚ್ಚು ಹಳೇ ನೆಕ್ಸಾನ್ ಇವಿಗಳಿಗೆ ಸರ್ವೀಸ್ ಸೆಂಟರಿನಲ್ಲಿ ಪುಕ್ಕಟೆಯಾಗಿ ಹಾಕಿಕೊಡುತ್ತೇವೆ ಅಂದರು. ಕ್ರೂಸ್ ಕಂಟ್ರೋಲ್, ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ, ರೀಜೆನ್, ಅಂದರೆ ಕಾರಿನ ವೇಗ ತಗ್ಗಿಸುತ್ತಾ ಮೋಟಾರಿನಿಂದಲೇ ಬ್ಯಾಟರಿಗೆ ಚಾರ್ಜ್ ಮಾಡುವುದು, ಅದನ್ನು ಬೇಕಾದಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳುವುದು. ದೇವರಾಯನದುರ್ಗದ ಇಳಿಜಾರಿನಲ್ಲಿ ರೀಜೆನ್ ಹೆಚ್ಚಿಗೆ ಇಟ್ಟು ಇಳಿದವರಿಗೆ ಅದರ ಬೆಲೆ ಗೊತ್ತು. ಬ್ರೇಕ್ ಪ್ಯಾಡಿಗೆ ಕೆಲಸ ಕಡಿಮೆ, ಬ್ಯಾಟರಿಗೆ ಸ್ವಲ್ಪ ಚಾರ್ಜ್ ವಾಪಸ್. ಎರಡು ವರ್ಷ ಓಡಿದ ಕಾರು, ಒಂದು ಬೋಲ್ಟ್ ಬದಲಾಯಿಸದೆ, ಮೊದಲಿಗಿಂತ ಒಳ್ಳೆಯ ಕಾರಾಯಿತು. ಸೆಕೆಂಡ್ ಹ್ಯಾಂಡ್ ತಗೊಂಡ ಕೆಲವರ ಕಾರಿನಲ್ಲಿ ಇದನ್ನು ಹಾಕಿಸಿಯೇ ಇಲ್ಲದಿರಬಹುದು. ಒಮ್ಮೆ ಹೋಗಿ ಕೇಳಿ.

ಸೆಕೆಂಡ್ ಹ್ಯಾಂಡ್ ಅಂದಾಗ ಒಂದು ಮಾತು ನೆನಪಾಯಿತು. ಇದನ್ನು ನಾನು ತುಂಬಾ ಮುಖ್ಯ ಅಂದುಕೊಂಡಿದ್ದೇನೆ. ನೀವು ಆರ್‌ಸಿ ಬದಲಾಯಿಸಿಕೊಂಡಿರುತ್ತೀರಿ, ಇನ್ಶೂರೆನ್ಸ್ ಬದಲಾಯಿಸಿಕೊಂಡಿರುತ್ತೀರಿ. ಕಂಪನಿಯ ಆ್ಯಪ್‌ನಲ್ಲಿ ಕಾರು ಯಾರ ಹೆಸರಲ್ಲಿದೆ? ಹಳೇ ಮಾಲೀಕರ ಫೋನ್ ನಂಬರ್ ಹಾಗೇ ಇದ್ದರೆ, "ನಿಮ್ಮ ಕಾರನ್ನು ಸುರಕ್ಷತೆಯ ಕೆಲಸಕ್ಕೆ ತನ್ನಿ" ಅನ್ನುವ ಮೆಸೇಜ್ ಅವರಿಗೆ ಹೋಗುತ್ತದೆ. ಅವರು ಕಾರು ಮಾರಿ ಎಷ್ಟೋ ದಿನವಾಗಿದೆ, ನೋಡಿ ಅಳಿಸಿಬಿಡುತ್ತಾರೆ. ನಿಮಗೆ ಸುದ್ದಿಯೇ ಇರುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಆ್ಯಪ್ ಇರುವವರಿಗೆ ಕಾರು ಎಲ್ಲಿದೆ ಅಂತಲೂ ಕಾಣಬಹುದು. 2016ರಲ್ಲಿ ನಿಸಾನ್ ಲೀಫ್‌ನ ಆ್ಯಪ್‌ನಲ್ಲಿ ಒಂದು ಲೋಪ ಸಿಕ್ಕಿತ್ತು. ಕಾರಿನ ಗುರುತಿನ ನಂಬರ್ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ದೂರದಿಂದ ಎಸಿ ಹಾಕಬಹುದಿತ್ತು, ಓಡಾಟದ ವಿವರ ನೋಡಬಹುದಿತ್ತು. ಕಂಪನಿ ಆ ಸೇವೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಹಾಗಾಗಿ ಚಾಸಿ ನಂಬರ್, ಆರ್‌ಸಿ ತಗೊಂಡು ಹೋಗಿ ಕಂಪನಿಯ ದಾಖಲೆಯಲ್ಲಿ ನಿಮ್ಮ ಹೆಸರು, ನಿಮ್ಮ ನಂಬರ್ ಹಾಕಿಸಿ. ಈ ಕಾರಿಗೆ ಬಾಕಿ ಇರುವ ರೀಕಾಲ್ (ದೋಷ ಸರಿಮಾಡಲು ಕಂಪನಿ ಕಾರನ್ನು ವಾಪಸ್ ಕರೆಯುವುದು), ಅಪ್‌ಡೇಟ್ ಏನಿದೆ ಅಂತ ಅದೇ ಹೊತ್ತಿಗೆ ಕೇಳಿ.

ರೀಕಾಲ್ ಬಗ್ಗೆ ನಮ್ಮ ದೇಶದ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು 7 ವರ್ಷ ತುಂಬದ ವಾಹನಗಳಿಗೆ ಮಾತ್ರ. 2020ರಲ್ಲಿ ತಯಾರಾದ ಕಾರಿಗೆ 2027ರಲ್ಲಿ ಆ ಬಾಗಿಲು ಮುಚ್ಚುತ್ತದೆ. ವಾರಂಟಿಗೂ ಹೀಗೇ ಒಂದು ಗಡುವಿದೆ. ಮೊದಲ ನೆಕ್ಸಾನ್ ಇವಿಯ ಬ್ಯಾಟರಿಗೆ ಕೊಟ್ಟದ್ದು 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಆ ಅವಧಿಯೊಳಗೆ ಸುರಕ್ಷತೆಯ ಅಪ್‌ಡೇಟ್ ಬೇಡ ಅಂದರೆ, ನಾಳೆ ಬ್ಯಾಟರಿ ಕೈಕೊಟ್ಟಾಗ "ನಾವು ಹೇಳಿದ್ವಿ, ನೀವೇ ಮಾಡಿಸ್ಲಿಲ್ಲ" ಅನ್ನಲು ಅವರಿಗೆ ನೀವೇ ಅವಕಾಶ ಕೊಟ್ಟಂತೆ.

ಇನ್ನು ಹಾಕಿಸುವ ದಿನದ ಮಾತು. ಹಳೇ ಕಾರಿನಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಲ್ಲುವುದಕ್ಕೆ ದೊಡ್ಡ ಬ್ಯಾಟರಿಗಿಂತ ಸಣ್ಣ ಬ್ಯಾಟರಿಯೇ ಹೆಚ್ಚಾಗಿ ಕಾರಣ. ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ 12 ವೋಲ್ಟಿನ ಬ್ಯಾಟರಿ ಇವಿಯಲ್ಲೂ ಇದೆ. ಕಂಪ್ಯೂಟರುಗಳೆಲ್ಲ ನಡೆಯುವುದು ಅದರಿಂದ. ಅಪ್‌ಡೇಟ್ ಆಗುವಾಗ ಎಷ್ಟೋ ಸಲ ದೊಡ್ಡ ಬ್ಯಾಟರಿಯಿಂದ ಅದಕ್ಕೆ ಚಾರ್ಜ್ ಬರುತ್ತಿರುವುದಿಲ್ಲ. ನಾಲ್ಕೈದು ವರ್ಷದ ಹಳೇ ಬ್ಯಾಟರಿ ಮಧ್ಯದಲ್ಲಿ ಸೋತರೆ, ಕಂಪ್ಯೂಟರಿನಲ್ಲಿ ಹಳೇ ಸಾಫ್ಟ್‌ವೇರೂ ಪೂರ್ತಿ ಇಲ್ಲ, ಹೊಸದೂ ಪೂರ್ತಿ ಇಲ್ಲ ಅನ್ನುವಂತಾಗಬಹುದು. ಕಾರು ಎದ್ದೇಳುವುದಿಲ್ಲ. ಮೋಟಾರ್ ತಿರುಗಿಸುವ ಚಕ್ರಗಳನ್ನು ನೆಲಕ್ಕೆ ತಾಗಿಸಿಕೊಂಡು ಇವಿಯನ್ನು ಹಗ್ಗ ಕಟ್ಟಿ ಎಳೆಯುವಂತೆಯೂ ಇಲ್ಲ. ಫ್ಲಾಟ್‌ಬೆಡ್ ಲಾರಿ ಕರೆಸಬೇಕು. ರಾತ್ರಿ ನಿಂತ ಕಾರಿನಲ್ಲಿ ಬೆಳಗ್ಗೆ ಮಲ್ಟಿಮೀಟರ್ ಹಿಡಿದು ನೋಡಿ. 12.6 ಇದ್ದರೆ ಚೆನ್ನಾಗಿದೆ. 12.2ಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿಸಿ, ಬೇಕಾದರೆ ಬದಲಾಯಿಸಿ, ಆಮೇಲೆ ಅಪ್‌ಡೇಟ್. ಸರ್ವೀಸ್ ಸೆಂಟರಿನಲ್ಲಾದರೆ "12 ವೋಲ್ಟಿಗೆ ಸಪೋರ್ಟ್ ಚಾರ್ಜರ್ ಹಾಕ್ತೀರಲ್ವಾ" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಮನೆಯಲ್ಲೇ ಆಗುವ ಅಪ್‌ಡೇಟ್ ಆದರೆ ಮಾರನೇ ದಿನ ಮದುವೆಗೋ ಧರ್ಮಸ್ಥಳಕ್ಕೋ ಹೊರಡುವುದಿದ್ದಾಗ ಒತ್ತಬೇಡಿ.

ಹಾಕಿಸುವ ಮೊದಲು ಪೂರ್ತಿ ಚಾರ್ಜ್ ಮಾಡಿ ಸ್ಕ್ರೀನಿನ ಫೋಟೋ ತೆಗೆಯಿರಿ. ನಿಮಗೆ ಅಭ್ಯಾಸವಿರುವ ಒಂದು ದಾರಿಯಲ್ಲಿ, ಬಟವಾಡಿಯಿಂದ ಶಿರಾವರೆಗೆ ಅಂತಿಟ್ಟುಕೊಳ್ಳಿ, ಶೇಕಡಾ ಎಷ್ಟು ಇಳಿಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ಬ್ಯಾಟರಿಯ ಆರೋಗ್ಯದ ಅಂಕಿಯನ್ನು ಸರ್ವೀಸ್ ಸೆಂಟರಿನವರಿಂದ ಬರೆಸಿಕೊಳ್ಳಿ. ಜಾಬ್ ಕಾರ್ಡಿನಲ್ಲಿ "ಸಾಫ್ಟ್‌ವೇರ್ ಅಪ್‌ಡೇಟ್" ಅಂತ ಒಂದೇ ಸಾಲು ಇದ್ದರೆ ಒಪ್ಪಬೇಡಿ. ಯಾವ ಕಂಪ್ಯೂಟರ್, ಮೊದಲು ಯಾವ ವರ್ಷನ್ ಇತ್ತು, ಈಗ ಯಾವುದು, ಯಾಕೆ ಹಾಕಿದರು, ಇಷ್ಟು ಇರಲಿ.

ಇದು ಜಾಸ್ತಿ ಕೇಳಿದಂತಾಯಿತು ಅಂತ ಯಾರಿಗಾದರೂ ಅನ್ನಿಸಬಹುದು. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಆರ್156 ಅಂತ ಒಂದಿದೆ, 2021ರ ಜನವರಿಯಿಂದ ಜಾರಿಯಲ್ಲಿದೆ. ಗಾಳಿಯ ಮೂಲಕ, ಅಂದರೆ ವೈರ್ ಇಲ್ಲದೆ ನೆಟ್‌ವರ್ಕಿನಲ್ಲಿ ಬರುವ ಅಪ್‌ಡೇಟ್ ಹಾಕುವ ಮೊದಲು ಅದು ಯಾಕೆ, ಅದರಿಂದ ಕಾರಿನಲ್ಲಿ ಏನು ಬದಲಾಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮಾಲೀಕರಿಗೆ ಹೇಳಬೇಕು ಅನ್ನುತ್ತದೆ ಅದು. ಮಧ್ಯದಲ್ಲಿ ನಿಂತುಹೋದರೆ ಹಳೇ ಸಾಫ್ಟ್‌ವೇರಿಗೆ ಮರಳುವಂತಿರಬೇಕು, ಇಲ್ಲವೇ ಕಾರು ಸುರಕ್ಷಿತ ಸ್ಥಿತಿಯಲ್ಲಿ ನಿಲ್ಲುವಂತಿರಬೇಕು ಅಂತಲೂ ಇದೆ. ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. ನಮ್ಮ ಹಳೇ ಕಾರುಗಳು ಇದಕ್ಕಿಂತ ಮೊದಲೇ ಹುಟ್ಟಿದವು. ಆದರೆ ಅಲ್ಲಿನ ಮಾಲೀಕರಿಗೆ ಕಾನೂನು ಕೊಟ್ಟ ಉತ್ತರವನ್ನು ತುಮಕೂರಿನ ಮಾಲೀಕರು ಬಾಯಿಬಿಟ್ಟು ಕೇಳಿ ಪಡೆಯಬಹುದು. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಕೇಳದೆಯೇ ಹೇಳುತ್ತಾರೆ.

ಒಂದು ಎಚ್ಚರಿಕೆ. ಲ್ಯಾಪ್‌ಟಾಪ್ ತಂದು ಕಾರಿಗೆ ಸಿಕ್ಕಿಸಿ "ಬಿಎಂಎಸ್ ಲಾಕ್ ತೆಗೀತೀನಿ, ರೇಂಜ್ ಜಾಸ್ತಿ ಮಾಡ್ತೀನಿ" ಅನ್ನುವವರು ಬಂದರೆ ದಯವಿಟ್ಟು ಕೈಮುಗಿದು ಕಳಿಸಿ. ಚಾರ್ಜಿನ ಮೇಲಿನ ಮಿತಿ, ಕೆಳಗಿನ ಮಿತಿ ಇರುವುದೇ ಸೆಲ್ ಕೆಡದಿರಲಿ, ಬೆಂಕಿ ಹತ್ತದಿರಲಿ ಅಂತ. ಪೆಟ್ರೋಲ್ ಕಾರಿನ ಟ್ಯೂನಿಂಗ್ ಹಾಳಾದರೆ ಎಂಜಿನ್ ಹೋಗುತ್ತದೆ. ಇಲ್ಲಿ ಮನೆ ಹೋಗಬಹುದು.

ಮಾತು ಮುಗಿಸಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಟ್ಯಾಕ್ಸಿ ಓಡಿಸುವ ಒಬ್ಬರು ಕೇಳಿದರು: "ಸಾರ್, ಹೋದ ವಾರ ಅಪ್‌ಡೇಟ್ ಮಾಡಿಸ್ದೆ. ಈಗ ಫುಲ್ ಚಾರ್ಜಿಗೆ ಮೊದಲಿಗಿಂತ ಕಮ್ಮಿ ತೋರಿಸ್ತಿದೆ. ಏನ್ಮಾಡ್ಲಿ?"

ಅಣ್ಣ, ಮೊದಲು ಕಾರಿಗೆ ಸ್ವಲ್ಪ ಸಮಯ ಕೊಡಿ. ಮನೆಯ ನಿಧಾನ ಚಾರ್ಜರಿನಲ್ಲಿ 100ರವರೆಗೆ ಹಾಕಿ, 100 ಬಂದ ಕೂಡಲೇ ಕಿತ್ತುಬಿಡಬೇಡಿ, ಸೆಲ್ಲುಗಳು ಸಮವಾಗಲಿ. ಒಂದೆರಡು ವಾರ ಎಂದಿನಂತೆ ಓಡಿಸಿ. ಸ್ಕ್ರೀನಿನ ಕಿಲೋಮೀಟರ್ ನಂಬಬೇಡಿ, ಅದು ನೀವು ಇತ್ತೀಚೆಗೆ ಹೇಗೆ ಓಡಿಸಿದಿರಿ ಅನ್ನುವುದರ ಮೇಲೂ ಬದಲಾಗುತ್ತದೆ. ಅಭ್ಯಾಸದ ದಾರಿಯಲ್ಲಿ ಶೇಕಡಾ ಎಷ್ಟು ಇಳಿಯಿತು ನೋಡಿ. ಆಗಲೂ ಕಮ್ಮಿಯೇ ಬಂದರೆ ಬರೆದುಕೊಂಡ ಅಂಕಿ ಇಟ್ಟುಕೊಂಡು ಲಿಖಿತ ದೂರು ಕೊಡಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ನಿಮ್ಮದು ದುಡಿಮೆಯ ಗಾಡಿ, ಒಂದೊಂದು ಕಿಲೋಮೀಟರೂ ಅನ್ನ. ಉತ್ತರ ಕೇಳುವ ಹಕ್ಕು ನಿಮಗೆ ಎಲ್ಲರಿಗಿಂತ ಜಾಸ್ತಿ ಇದೆ.

ಎರಡನೆಯದು ಒಬ್ಬ ಹುಡುಗಿಯದು. ಅವಳ ತಂದೆಯ ಹತ್ತಿರ ಇರುವುದು ಮಹೀಂದ್ರಾ ಇ2ಒ. "ನಮ್ಮ ಕಾರಿಗೆ ಯಾವ ಅಪ್‌ಡೇಟೂ ಬರಲ್ಲ ಸಾರ್. ಮಾರಿಬಿಡೋದಾ?"

ಬೇಡಮ್ಮ. 2013ರಲ್ಲಿ ಬಂದ ಕಾರು ಅದು. ನಮ್ಮ ಬೆಂಗಳೂರಿನಲ್ಲೇ ತಯಾರಾಯಿತು. ಚಾರ್ಜ್ ಮುಗಿದಾಗ ಸ್ವಲ್ಪ ದೂರ ಹೋಗುವಷ್ಟು ಮೀಸಲು ಚಾರ್ಜನ್ನು ಫೋನಿನ ಮೂಲಕ ಬಿಡಿಸುವ ಯೋಚನೆ ಆ ಕಾಲಕ್ಕೇ ಅದರಲ್ಲಿತ್ತು. ಈಗ ತಯಾರಾಗುತ್ತಿಲ್ಲ ಅಂದ ಮಾತ್ರಕ್ಕೆ ಓಡುವ ಕಾರು ಕೆಟ್ಟದ್ದಾಗುವುದಿಲ್ಲ. ಸರ್ವರ್ ಇಲ್ಲದೆ ಯಾವ ಯಾವ ಕೆಲಸ ನಡೆಯುತ್ತದೆ ಅಂತ ಒಮ್ಮೆ ಅಪ್ಪನ ಜೊತೆ ಕೂತು ನೋಡಿ: ಬಾಗಿಲು ಕೀಲಿಯಿಂದ ತೆಗೆಯುತ್ತದಾ, ಚಾರ್ಜಿಂಗ್ ಆ್ಯಪ್ ಇಲ್ಲದೆ ಶುರುವಾಗುತ್ತದಾ. 15 ಆ್ಯಂಪಿಯರ್ ಸಾಕೆಟ್ಟಿನ ವೈರಿಂಗ್, ಅರ್ಥಿಂಗ್ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ, ಹಳೇ ಮನೆಗಳಲ್ಲಿ ಪ್ಲಗ್ ಬಿಸಿಯಾಗುವುದು ಅಲ್ಲೇ. ಚಾರ್ಜ್ ಆಗುವಾಗ ವಾಸನೆ, ಅತಿಯಾದ ಬಿಸಿ ಕಂಡರೆ ಆ ಕ್ಷಣ ನಿಲ್ಲಿಸಿ. ಅದನ್ನು ನೋಡಿಕೊಳ್ಳುವ ಹೊಸ ಸಾಫ್ಟ್‌ವೇರ್ ಇನ್ನು ಬರುವುದಿಲ್ಲ, ಹಾಗಾಗಿ ವರ್ಷಕ್ಕೊಮ್ಮೆ ಸೆಲ್ಲುಗಳ ವೋಲ್ಟೇಜನ್ನು ಹೈವೋಲ್ಟೇಜ್ ಕೆಲಸ ಗೊತ್ತಿರುವವರಿಂದ ಅಳೆಸಿ, ಆ ಚೀಟಿಯನ್ನು ಆರ್‌ಸಿ ಜೊತೆ ಇಟ್ಟುಕೊಳ್ಳಿ. ಮುಂದಿನ ವರ್ಷದ ಚೀಟಿಯನ್ನು ಅದರ ಪಕ್ಕ ಇಟ್ಟು ನೋಡಿದರೆ ಯಾವ ಸೆಲ್ ಹಿಂದೆ ಬೀಳುತ್ತಿದೆ ಅಂತ ನಿಮಗೇ ಗೊತ್ತಾಗುತ್ತದೆ.